ಬೂದಿದಿಬ್ಬಗಳು: ದನದ ದೊಡ್ಡಿಯೋ, ಕೋಟೆಯೋ, ಹಬ್ಬದ ಬಯಲೋ?

ತರೀಕೆರೆಯಿಂದ ಪೂರ್ವಕ್ಕೆ ಅಜ್ಜಂಪುರದ ಕಡೆ ಹೊರಟರೆ ಮಲೆನಾಡಿನ ಹಸಿರು ಹಿಂದೆ ಸರಿದು ಬಯಲುಸೀಮೆ ತೆರೆದುಕೊಳ್ಳುತ್ತದೆ. ಅಜ್ಜಂಪುರದ ಹೆಸರು ಕೇಳಿದೊಡನೆ ನೆನಪಾಗುವುದು ಅಲ್ಲಿನ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ. ಉದ್ದ ಕೊಂಬಿನ, ಬೂದುಬಣ್ಣದ, ಚುರುಕು ನಡಿಗೆಯ ಈ ದನಗಳ ಇತಿಹಾಸ ಮೈಸೂರು ಅರಸರ ಕಾಲಕ್ಕೆ ಹೋಗುತ್ತದೆ. 17ನೇ ಶತಮಾನದ ಕೊನೆಯಲ್ಲಿ ಆಳಿದ ಚಿಕ್ಕದೇವರಾಜ ಒಡೆಯರು ಇವುಗಳ ಪಾಲನೆಗೆ 'ಬೆಣ್ಣೆ ಚಾವಡಿ' ಎಂಬ ಇಲಾಖೆಯನ್ನೇ ಇರಿಸಿದ್ದರು. ಮುಂದೆ ಟಿಪ್ಪು ಸುಲ್ತಾನ್ ಅದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟ. ದನಗಳ ಮೇವಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ 'ಕಾವಲು'ಗಳು. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಎಂದು ಕಾವಲುಗಳನ್ನು ವಿಂಗಡಿಸಲಾಗಿತ್ತು. ಹಿಂಡು ಕಾವಲಿನಿಂದ ಕಾವಲಿಗೆ ಸಾಗುತ್ತಿತ್ತು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಮುನ್ನೂರು ದನಗಳ ಒಂದು ಹಿಂಡನ್ನು ರಾತ್ರಿ ಹೊತ್ತು ಒಂದೇ ಜಾಗದಲ್ಲಿ ಕೂಡುತ್ತಾರೆ ಎಂದಿಟ್ಟುಕೊಳ್ಳಿ. ನಾಟಿ ದನವೊಂದು ದಿನಕ್ಕೆ 10 ಕಿಲೋ ಸಗಣಿ ಹಾಕಿದರೆ, ಅದರಲ್ಲಿ ಅರ್ಧ ರಾತ್ರಿಯ ಪಾಲು ಎನ್ನೋಣ. ಒಂದು ರಾತ್ರಿಗೆ 1500 ಕಿಲೋ ಆಯಿತು. ಇದರಲ್ಲಿ ಐದರಲ್ಲಿ ನಾಲ್ಕು ಪಾಲು ನೀರು. ಒಣಗಿದ ಮೇಲೆ ಉಳಿಯುವುದು 300 ಕಿಲೋ. ವರ್ಷದಲ್ಲಿ ನೂರು ರಾತ್ರಿ ಹೀಗೆ ಕೂಡಿದರೆ 30 ಟನ್ ಒಣಸಗಣಿ. ಅದನ್ನು ಸುಟ್ಟರೆ ಕಾಲುಭಾಗ ಬೂದಿ ಉಳಿಯುತ್ತದೆ ಎಂದುಕೊಂಡರೂ ವರ್ಷಕ್ಕೆ ಏಳೂವರೆ ಟನ್. ನೂರು ವರ್ಷ ಯಾರೂ ಅದನ್ನು ಹೊಲಕ್ಕೆ ಸಾಗಿಸದೆ ಅಲ್ಲಿಯೇ ಬಿಟ್ಟರೆ? ನಿಮ್ಮ ಊರಿನಲ್ಲಿ 750 ಟನ್ನಿನ ಒಂದು ಬೂದಿಗುಡ್ಡ ಎದ್ದಿರುತ್ತದೆ.

ಇಂಥ ಗುಡ್ಡಗಳು ನಿಜಕ್ಕೂ ಇವೆ. ಬಳ್ಳಾರಿ, ಕೊಪ್ಪಳ, ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿ, ಗಡಿಯಾಚೆ ಆಂಧ್ರ ಮತ್ತು ತೆಲಂಗಾಣಗಳಲ್ಲಿ ನೂರಕ್ಕೂ ಹೆಚ್ಚು ಬೂದಿದಿಬ್ಬಗಳು ಗುರುತಾಗಿವೆ. ಕೆಲವು ಆಳೆತ್ತರವೂ ಇಲ್ಲ. ಕೆಲವು ಎರಡಂತಸ್ತಿನ ಮನೆಯಷ್ಟು ಎತ್ತರ. ಬಳ್ಳಾರಿ ಹತ್ತಿರದ ಕುಡತಿನಿಯ ದಿಬ್ಬ ಇವುಗಳಲ್ಲಿ ಬಹಳ ಹೆಸರಾದದ್ದು. ಭೀಮನು ಕೊಂದ ಹಿಡಿಂಬಾಸುರನ ಬೂದಿ ಇದು ಎಂದು ಅಲ್ಲಿನ ಜನ ಹೇಳುತ್ತ ಬಂದಿದ್ದಾರೆ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವಾದರೋ ವಾಲಿಯನ್ನು ದಹಿಸಿದ ಸ್ಥಳ. ಇಷ್ಟು ಬೂದಿ ಆಗಬೇಕಾದರೆ ಸುಟ್ಟವನು ರಾಕ್ಷಸನೋ ಕಪಿರಾಜನೋ ಆಗಿರಲೇಬೇಕು ಎಂಬ ತರ್ಕದಲ್ಲಿ ಒಂದು ಅಚ್ಚುಕಟ್ಟುತನವಿದೆ ಎಂಬುದನ್ನು ಒಪ್ಪಬೇಕು! ವಿದ್ವಾಂಸರು ಆಮೇಲೆ ಮಾಡಿದ ಊಹೆಗಳು ಇದಕ್ಕಿಂತ ಬಹಳ ಮುಂದೆ ಹೋಗಿರಲಿಲ್ಲ.

19ನೇ ಶತಮಾನದ ಮೊದಲ ಭಾಗದಲ್ಲಿ ನ್ಯೂಬೋಲ್ಡ್ ಎಂಬ ಸೇನಾಧಿಕಾರಿ ಈ ದಿಬ್ಬಗಳ ಬಗ್ಗೆ ಬರೆದ. ಅಲ್ಲಿಂದ ವಾದ ಶುರುವಾಯಿತು. ದಿಬ್ಬದ ಕೆಲವು ಪದರಗಳು ಮೆದು ಬೂದಿಯಾಗಿದ್ದರೆ ಕೆಲವು ಕರಗಿ ಹೆಪ್ಪುಗಟ್ಟಿ, ಗಾಜಿನ ಹೊಳಪು ಪಡೆದು, ಗುಳ್ಳೆಗುಳ್ಳೆಯಾದ ಕಿಟ್ಟದಂತಿವೆ. ಹಾಗಾಗಿ ಇದು ಲೋಹ ಕರಗಿಸಿದ ಕುಲುಮೆಯ ಕಸ ಎಂದರು ಕೆಲವರು. ವಿಜಯನಗರದ ಕಾಲದ ಸಾಮೂಹಿಕ ದಹನದ ಕುರುಹು ಇರಬಹುದೇ ಎಂದು ಸೂಚಿಸಿದವರೂ ಇದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಬೂದಿಯೊಳಗೆ ಸಿಕ್ಕ ವಸ್ತುಗಳತ್ತ ಗಮನ ಹರಿಸಿದರು. ಅಲ್ಲಿ ಉಜ್ಜಿ ನಯಮಾಡಿದ ಕಲ್ಲಿನ ಕೊಡಲಿಗಳಿದ್ದವು, ಕೈಯಿಂದ ಮಾಡಿದ ಮಡಕೆಯ ಚೂರುಗಳಿದ್ದವು, ದನದ ಮೂಳೆಗಳಿದ್ದವು. ಎಂದಮೇಲೆ ಇದು ನವಶಿಲಾಯುಗದ್ದು, ಬೂದಿ ಸಗಣಿಯದು ಎಂದು ಫೂಟ್ ತೀರ್ಮಾನಿಸಿದರು. ಆಫ್ರಿಕದ ಪಶುಪಾಲಕರ ಮುಳ್ಳುಬೇಲಿಯ ದೊಡ್ಡಿಗಳು ಅವರ ನೆನಪಿಗೆ ಬಂದವು. ಆದರೂ ವಾದ ಇನ್ನೂ ಅರ್ಧ ಶತಮಾನ ಎಳೆಯಿತು.

ಸಗಣಿಯ ಬೂದಿ ಗಾಜಾಗುವುದು ಹೇಗೆ? ಒಲೆಯಲ್ಲಿ ಬೆರಣಿ ಉರಿಸುವ ಮನೆಗಳಲ್ಲಿ ನೀವು ನೋಡಿರುವುದು ನುಣುಪಾದ ಪುಡಿಬೂದಿಯನ್ನು ಮಾತ್ರ. ಇಲ್ಲಿ ರಸಾಯನಶಾಸ್ತ್ರದ ಒಂದು ಸೊಗಸಾದ ಪಾಠವಿದೆ. ಹುಲ್ಲು ಮಣ್ಣಿನಿಂದ ಸಿಲಿಕಾವನ್ನು ಹೀರಿಕೊಂಡು ತನ್ನ ಕೋಶಗಳಲ್ಲಿ ಸೂಕ್ಷ್ಮ ಕಣಗಳಾಗಿ ಕೂಡಿಡುತ್ತದೆ. ಹುಲ್ಲಿನ ಅಂಚು ಬೆರಳನ್ನು ಕೊಯ್ಯುವುದು ಇದರಿಂದಲೇ. ಫೈಟೋಲಿತ್ ಎಂದು ಕರೆಯುವ ಈ ಕಣಗಳು ದನದ ಹೊಟ್ಟೆಯಲ್ಲಿ ಕರಗದೆ ಸಗಣಿಯಲ್ಲಿ ಹೊರಬರುತ್ತವೆ. ಶುದ್ಧ ಸಿಲಿಕಾ ಕರಗಲು ಸುಮಾರು 1700 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಆದರೆ ಸಗಣಿಯ ಬೂದಿಯಲ್ಲಿ ಪೊಟ್ಯಾಶ್ ಮತ್ತು ಸುಣ್ಣದ ಅಂಶಗಳೂ ಇರುತ್ತವೆ. ಇವು ಸಿಲಿಕಾದ ಕರಗುವ ಬಿಂದುವನ್ನು ನೂರಾರು ಡಿಗ್ರಿ ಕೆಳಗಿಳಿಸುತ್ತವೆ. ಗಾಜು ತಯಾರಿಸುವವರು ಮರಳಿಗೆ ಸೋಡ ಮತ್ತು ಸುಣ್ಣ ಬೆರೆಸುವುದೂ ಇದೇ ಕಾರಣಕ್ಕೆ. ಇನ್ನು ಉಷ್ಣತೆ. ಒಲೆಯ ಬೆರಣಿಯ ಶಾಖ ಸುತ್ತಲ ಗಾಳಿಗೆ ಸೋರಿಹೋಗುತ್ತದೆ. ಆಳೆತ್ತರ ಒಟ್ಟಿದ ಒಣಸಗಣಿಗೆ ಬೆಂಕಿ ಹತ್ತಿದರೆ ಒಳಗಿನ ಶಾಖ ಹೊರಹೋಗಲಾರದು. ದಿನಗಟ್ಟಲೆ ಕಾವು ಏರುತ್ತಲೇ ಇರುತ್ತದೆ. ಲಂಡನ್ನಿನ ಪುರಾತತ್ವ ಸಂಸ್ಥೆಯ ಎಫ್. ಇ. ಝಾಯ್ನರ್ ಬಳ್ಳಾರಿ ಭಾಗದ ಮಾದರಿಗಳನ್ನು ಪರೀಕ್ಷಿಸಿ, ಇವು ಸಗಣಿಯ ಬೂದಿಯೇ ಎಂದು 1960ರಲ್ಲಿ ಪ್ರಕಟಿಸಿದರು. ಕುಲುಮೆಯ ವಾದ ಅಲ್ಲಿಗೆ ಮುಗಿಯಿತು.

ಬೂದಿ ಯಾವುದರದು ಎಂಬುದು ತಿಳಿಯಿತು. ಆ ಜಾಗ ಯಾವುದು? ಇದಕ್ಕೆ ಉತ್ತರ ಸಿಕ್ಕಿದ್ದು ರಾಯಚೂರಿನಾಚೆ, ಇಂದಿನ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ. 1957ರಲ್ಲಿ ಎಫ್. ಆರ್. ಆಲ್ಚಿನ್ ಅಲ್ಲಿನ ದಿಬ್ಬವನ್ನು ಅಗೆದರು. ಬೂದಿಯ ಪದರಗಳ ಅಡಿಯಲ್ಲಿ ಸಾಲುಸಾಲಾಗಿ ಗುಂಡನೆಯ ಕಲೆಗಳು ಕಂಡವು. ಇವು ಕಂಬದ ಕುಳಿಗಳು. ನೆಲದಲ್ಲಿ ನೆಟ್ಟ ಮರದ ಕಂಬ ಸುಟ್ಟರೂ ಕೊಳೆತರೂ ಆ ಕುಳಿಯಲ್ಲಿ ತುಂಬಿಕೊಳ್ಳುವ ಮಣ್ಣು ಸುತ್ತಲಿನ ಗಟ್ಟಿ ನೆಲಕ್ಕಿಂತ ಸಡಿಲ, ಬಣ್ಣವೂ ಬೇರೆ. ಜಾಗರೂಕತೆಯಿಂದ ಕೆರೆದರೆ ಸಾವಿರಾರು ವರ್ಷದ ನಂತರವೂ ಕಂಬವಿದ್ದ ಜಾಗ ಕಾಣುತ್ತದೆ. ಈ ಕುಳಿಗಳನ್ನು ಜೋಡಿಸಿದಾಗ ದೊಡ್ಡದೊಂದು ಬೇಲಿಯ ಆವರಣ ಮೂಡಿತು. ಬೇಲಿ ಸುಟ್ಟಿದೆ, ಮತ್ತೆ ಕಟ್ಟಿದ್ದಾರೆ, ಮತ್ತೆ ಸುಟ್ಟಿದೆ. ಎಲ್ಲಕ್ಕಿಂತ ಬೆರಗಿನ ಸಂಗತಿಯೆಂದರೆ, ಬೂದಿಯ ಒಂದು ಪದರದ ಮೇಲೆ ದನಗಳ ಗೊರಸಿನ ಗುರುತುಗಳು ಅಚ್ಚೊತ್ತಿದಂತೆ ಉಳಿದಿದ್ದವು. ಬೆಂಕಿ ಆರಿದ ಮೇಲೆ ಹಿಂಡು ಅದೇ ಜಾಗಕ್ಕೆ ಮರಳಿತ್ತು! ಹಿಡಿಂಬನ ಕಥೆಯನ್ನು ಪಾಠದಲ್ಲಿ ಹೇಳುವ ಅಧ್ಯಾಪಕರು ಈ ಗೊರಸಿನ ಗುರುತನ್ನೂ ಹೇಳಬೇಕು. ಎರಡರಲ್ಲಿ ಮಕ್ಕಳು ಯಾವುದನ್ನು ಹೆಚ್ಚು ದಿನ ನೆನಪಿಟ್ಟುಕೊಳ್ಳುತ್ತಾರೆ ಎಂಬ ಬಗ್ಗೆ ನನಗೆ ಅನುಮಾನವಿಲ್ಲ.

ಕಾಲ? ಇದ್ದಿಲಿನ ರೇಡಿಯೊ ಕಾರ್ಬನ್ ಪರೀಕ್ಷೆಗಳ ಪ್ರಕಾರ ದಕ್ಷಿಣ ಭಾರತದ ನವಶಿಲಾಯುಗ ಕ್ರಿ.ಪೂ. 3000ರ ಸುಮಾರಿಗೆ ಆರಂಭವಾಗುತ್ತದೆ. ಬೂದಿದಿಬ್ಬಗಳು ಅದರ ಮೊದಲ ಹಂತಗಳಿಗೆ ಸೇರಿದವು.

ಅದೇ ಕಾಲದಲ್ಲಿ ಭೂಗೋಳದ ಇನ್ನೊಂದು ಮೂಲೆಯಲ್ಲಿ, ಇಂದಿನ ಸ್ಪೇನ್ ಮತ್ತು ಪೋರ್ಚುಗಲ್ ಇರುವ ಐಬೀರಿಯಾದಲ್ಲಿ, ಜನ ಬೇರೊಂದು ಬಗೆಯ ಆವರಣಗಳನ್ನು ಕಟ್ಟುತ್ತಿದ್ದರು. ಕೆಲವು ಕಲ್ಲಿನ ಗೋಡೆಯವು. ಆಗ್ನೇಯ ಸ್ಪೇನಿನ ಲೋಸ್ ಮಿಲ್ಲಾರೆಸ್ 1891ರಲ್ಲಿ ರೈಲುಹಾದಿ ನಿರ್ಮಾಣದ ಸಮಯದಲ್ಲಿ ಬೆಳಕಿಗೆ ಬಂತು. ಸಾಲುಸಾಲು ಗೋಡೆ, ಹೊರಚಾಚಿದ ಬುರುಜುಗಳು. ನೋಡಿದವರೆಲ್ಲ ಇದು ಕೋಟೆಯೇ ಸರಿ ಎಂದರು. ಇನ್ನು ಕೆಲವು ಕಂದಕದ ಆವರಣಗಳು. ಪೋರ್ಚುಗಲ್ಲಿನ ಪೆರ್ದಿಗೋಯ್ಸ್ ಎಂಬಲ್ಲಿ 1996ರಲ್ಲಿ ದ್ರಾಕ್ಷಿತೋಟಕ್ಕಾಗಿ ಆಳವಾಗಿ ಉಳುವಾಗ ಸುಮಾರು 16 ಹೆಕ್ಟೇರ್ ವಿಸ್ತಾರದ, ಒಂದರೊಳಗೊಂದು ವೃತ್ತಗಳಂತೆ ತೋಡಿದ ಕಂದಕಗಳ ನೆಲೆ ಕಂಡುಬಂತು. ಇವೂ ರಕ್ಷಣೆಗೇ ಎಂದುಕೊಂಡರೆ ಲೆಕ್ಕ ಕೂಡುವುದಿಲ್ಲ. ಕಂದಕಗಳನ್ನು ಒಂದೇ ಸಲ ತೋಡಿಲ್ಲ; ಸಾವಿರಕ್ಕೂ ಹೆಚ್ಚು ವರ್ಷಗಳ ಅವಧಿಯಲ್ಲಿ ಒಂದಾದ ಮೇಲೊಂದು ತೋಡಿದ್ದಾರೆ, ಅನೇಕವನ್ನು ತಾವೇ ಮುಚ್ಚಿದ್ದಾರೆ. ಒಳಗೆ ಸುಟ್ಟ ಮಾನವ ಮೂಳೆಗಳು, ಪ್ರಾಣಿಗಳ ಮೂಳೆಗಳು, ದಂತದ ವಸ್ತುಗಳು ಸಿಕ್ಕಿವೆ. ಹಲ್ಲುಗಳಲ್ಲಿನ ಸ್ಟ್ರಾಂಷಿಯಂ ಐಸೊಟೋಪ್‌ಗಳನ್ನು ಅಳೆದಾಗ ಜನರಲ್ಲಿ ಒಂದು ಪಾಲು, ಪ್ರಾಣಿಗಳಲ್ಲಿ ಒಂದು ಪಾಲು ಹೊರ ಪ್ರದೇಶಗಳಿಂದ ಬಂದವು ಎಂದು ತಿಳಿಯಿತು. ಜನ ದನಗಳ ಸಮೇತ ಬಂದು ಸೇರಿ, ಸತ್ತವರಿಗೆ ಸಂಸ್ಕಾರ ಮಾಡಿ, ಊಟ ಮಾಡಿ ಚದುರುತ್ತಿದ್ದ ಸ್ಥಳ ಇದಾಗಿರಬಹುದು ಎಂಬ ವಾದ ಈಗ ಬಲವಾಗಿದೆ. ಗೋಡೆ ಕಂಡರೆ ಕೋಟೆ, ಕಂದಕ ಕಂಡರೆ ಯುದ್ಧ ಎಂಬುದು ನಮ್ಮ ಕಾಲದ ಕಣ್ಣಿನ ದೋಷವೂ ಆಗಿರಬಹುದಲ್ಲವೆ?

ನಮ್ಮ ದಿಬ್ಬಗಳಿಗೂ ಇದೇ ಪ್ರಶ್ನೆ ಹಾಕಬಹುದು. ಬೇಲಿ ಏತಕ್ಕೆ? ಹುಲಿ ಚಿರತೆಗಳ ಭಯ ಖಂಡಿತ ಇತ್ತು. ತುರು ಕದಿಯುವವರ ಭಯವೂ ಇದ್ದಿರಬಹುದು. ನಮ್ಮ ನಾಡಿನ ಉದ್ದಗಲಕ್ಕೂ ಇರುವ ತುರುಗೋಳಿನ ವೀರಗಲ್ಲುಗಳು ಬಹಳ ಈಚಿನವಾದರೂ ದನಕ್ಕಾಗಿ ಜೀವ ಕೊಡುವ ಮಾತು ಹೊಸದಾಗಿರಲಾರದು. ಆದರೆ ಬೆಂಕಿ? ಶತ್ರುಗಳು ಸುಟ್ಟರು, ಅಕಸ್ಮಾತ್ ಹತ್ತಿಕೊಂಡಿತು, ರೋಗ ಬಂದಾಗ ಶುದ್ಧಿಗಾಗಿ ಸುಟ್ಟರು ಎಂದೆಲ್ಲ ಹೇಳಬಹುದು. ಒಂದೆರಡು ಸಲವಾದರೆ ಈ ಕಾರಣಗಳು ಸಾಕು. ಮತ್ತೆ ಮತ್ತೆ, ನೂರಾರು ಮೈಲಿ ಅಂತರದ ನೆಲೆಗಳಲ್ಲಿ, ಒಂದೇ ರೀತಿ ಸುಟ್ಟಿದ್ದಕ್ಕೆ ಸಾಲವು. ಹೋಳಿ, ದೀಪಾವಳಿ, ಪೊಂಗಲ್ ಹಬ್ಬಗಳ ಬೆಂಕಿಯ ಆಚರಣೆಗಳ ಬೇರು ಇಲ್ಲಿರಬಹುದೇ ಎಂದು ಆಲ್ಚಿನ್ ಕೇಳಿದರು. ಸಂಕ್ರಾಂತಿಯಂದು ಮೈಸೂರು, ಮಂಡ್ಯ ಕಡೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಿದವರಿಗೆ ಈ ಪ್ರಶ್ನೆ ವಿಚಿತ್ರ ಎನಿಸದು. ಉತ್ತರ ಕರ್ನಾಟಕದಲ್ಲಿ ದೀಪಾವಳಿಗೆ ಸಗಣಿಯಿಂದಲೇ ಪಾಂಡವರನ್ನು ಮಾಡಿ ಇಡುತ್ತಾರೆ. ಆದರೆ ನಾಲ್ಕು ಸಾವಿರ ವರ್ಷಗಳ ಅಂತರವನ್ನು ಒಂದು ಹೋಲಿಕೆಯಿಂದ ದಾಟುವಾಗ ಕಾಲು ಜಾರುವ ಅಪಾಯವೂ ಇದೆ. ಹೋಲಿಕೆ ಪುರಾವೆಯಲ್ಲ.

ಹೆಚ್ಚು ಗಟ್ಟಿಯಾದ ಪುರಾವೆ ಒದಗಿಸಿದ್ದು ಸುರಪುರ ಭಾಗದ ಬೂದಿಹಾಳ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1989ರಿಂದ ಹಲವು ವರ್ಷ ಅಲ್ಲಿ ಉತ್ಖನನ ನಡೆಸಿದರು. ಅದುವರೆಗೆ ಎಲ್ಲರ ಕಣ್ಣೂ ದಿಬ್ಬದ ಮೇಲಿತ್ತು. ಇವರು ದಿಬ್ಬದ ಸುತ್ತಲಿನ ನೆಲವನ್ನೂ ವಿಸ್ತಾರವಾಗಿ ಅಗೆದರು. ದೊಡ್ಡಿಯ ಜತೆಗೇ ಮನೆಗಳಿದ್ದವು, ಕಲ್ಲಿನ ಉಪಕರಣ ಮಾಡುವ ಜಾಗವಿತ್ತು, ಮಡಕೆಯಲ್ಲಿಟ್ಟು ಹೂಳಿದ ಮಕ್ಕಳ ಸಮಾಧಿಗಳಿದ್ದವು, ದನಗಳನ್ನು ಕಡಿದು ಹಂಚುತ್ತಿದ್ದ ಒಂದು ದೊಡ್ಡ ನೆಲವೂ ಇತ್ತು. ದೊಡ್ಡಿಯ ಸಗಣಿಯನ್ನು ಬಾಚಿ ಒಂದು ಕಡೆ ಒಟ್ಟಿ ಆಗಾಗ ಸುಡುತ್ತಿದ್ದರು. ಅಂದರೆ ಬೂದಿದಿಬ್ಬ ಒಂಟಿಯಲ್ಲ, ಅದೊಂದು ಊರಿನ ಭಾಗ. ಸುತ್ತಲ ಪಶುಪಾಲಕರು ಬಂದು ಸೇರುವ ದನದ ಜಾತ್ರೆಯಂಥದ್ದು ಅಲ್ಲಿ ನಡೆಯುತ್ತಿದ್ದಿರಬಹುದು ಎಂಬುದು ಪದ್ದಯ್ಯನವರ ಅಭಿಪ್ರಾಯ. ಪೀಟರ್ ಜೊಹಾನ್ಸೆನ್ 2004ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ದಿಬ್ಬಗಳನ್ನು ತಲೆಮಾರುಗಳ ಕಾಲ ಉದ್ದೇಶಪೂರ್ವಕ ಎತ್ತರಿಸಿದ ಸ್ಮಾರಕಗಳೆಂದೇ ನೋಡಬೇಕು ಎಂದು ವಾದಿಸಿದರು. ದೊಡ್ಡಿಯೋ ಸ್ಮಾರಕವೋ ಎಂದು ಎರಡರಲ್ಲಿ ಒಂದನ್ನು ಆರಿಸಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ. ನಮ್ಮ ಹಳ್ಳಿಗಳ ತಿಪ್ಪೆಯನ್ನೇ ನೋಡಿ. ಅದು ಗೊಬ್ಬರ, ಮನೆತನದ ಸ್ಥಿತಿವಂತಿಕೆಯ ಅಳತೆ, ಹಬ್ಬದಂದು ಪೂಜೆಗೂ ಪಾತ್ರ.

ಊರ ಹೆಸರಿನ ಬಗ್ಗೆ ಒಂದು ಎಚ್ಚರಿಕೆ. ಬೂದಿಹಾಳ ಎಂಬ ಹೆಸರಿನ ಊರುಗಳು ಕರ್ನಾಟಕದಲ್ಲಿ ಹಲವು. ಎಲ್ಲ ಕಡೆ ಬೂದಿದಿಬ್ಬ ಇರುತ್ತದೆಂದು ಹಾರೆ ಹಿಡಿದು ಹೊರಡಬೇಡಿ.

ಹಾಗಾದರೆ ದನಗಳ ಸೀಮೆಯಾದ ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಬೂದಿದಿಬ್ಬ ಏಕಿಲ್ಲ? ಪ್ರಶ್ನೆ ಇಲ್ಲಿಗಷ್ಟೇ ಸೀಮಿತವಲ್ಲ. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ, ಕಾವೇರಿ ತೀರದ ತಿ. ನರಸೀಪುರದಲ್ಲಿ ನವಶಿಲಾಯುಗದ ಜನ ಇದ್ದರು, ದನಗಳನ್ನೂ ಸಾಕಿದ್ದರು. ಬೂದಿದಿಬ್ಬ ಮಾತ್ರ ಇಲ್ಲ. ಮಳೆ ಹೆಚ್ಚಿರುವ ಕಡೆ ಸಗಣಿ ಒಣಗಿ ಒಟ್ಟುವುದು ಕಷ್ಟ ಎಂಬುದು ಒಂದು ಕಾರಣವಿರಬಹುದು. ಇನ್ನೊಂದು ಕಾರಣ ಬೇಸಾಯ. ಸಂಗನಕಲ್ಲು ಮೊದಲಾದ ನೆಲೆಗಳಲ್ಲಿ ಸಿಕ್ಕ ಕರಿಕಾದ ಕಾಳುಗಳನ್ನು ಡೋರಿಯನ್ ಫುಲ್ಲರ್ ಮತ್ತು ರವಿ ಕೋರಿಶೆಟ್ಟರ್ ಅವರ ತಂಡ ಅಧ್ಯಯನ ಮಾಡಿ, ಆ ಜನ ಕೊರಲೆ, ಹುರುಳಿ, ಹೆಸರು ಬೆಳೆಯುತ್ತಿದ್ದರೆಂದು ತೋರಿಸಿದೆ. ಸಗಣಿಯ ಬೆಲೆ ಹೊಲದಲ್ಲಿದೆ ಎಂದು ತಿಳಿದ ದಿನ ಯಾರೂ ಅದಕ್ಕೆ ಬೆಂಕಿ ಇಡಲಾರರು. ಇದು ಪರೀಕ್ಷೆಗೆ ಒಡ್ಡಬಹುದಾದ ಊಹೆ. ಗೊಬ್ಬರ ಹಾಕಿದ ಹೊಲದ ಧಾನ್ಯದಲ್ಲಿ ನೈಟ್ರೋಜನ್–15 ಎಂಬ ಭಾರ ಐಸೊಟೋಪಿನ ಪ್ರಮಾಣ ಹೆಚ್ಚಿರುತ್ತದೆ. ಹಳೆಯ ಕಾಳುಗಳಲ್ಲಿ ಅದನ್ನು ಅಳೆಯಲು ಸಾಧ್ಯ.

ವಿಪರ್ಯಾಸವೆಂದರೆ ಬೂದಿದಿಬ್ಬಗಳು ಕರಗುತ್ತಿರುವುದೂ ಗೊಬ್ಬರಕ್ಕಾಗಿಯೇ. ಎಷ್ಟೋ ದಿಬ್ಬಗಳ ಬೂದಿಯನ್ನು ರೈತರು ಗಾಡಿಗಳಲ್ಲಿ ಹೊಲಕ್ಕೆ ಸಾಗಿಸಿದ್ದಾರೆ. ಕುಡತಿನಿಯ ದಿಬ್ಬವನ್ನು ರಸ್ತೆ ಕತ್ತರಿಸಿದೆ. ಸಂಗನಕಲ್ಲು, ಕುಪ್ಪಗಲ್ಲು ಬೆಟ್ಟಗಳಲ್ಲಿ ಕಲ್ಲು ಗಣಿಗಾರಿಕೆ ಪ್ರಾಚೀನ ನೆಲೆಗಳ ಅಂಚಿನವರೆಗೂ ಬಂದಿತ್ತು. ಅಲ್ಲಿ ದೊರೆತ ವಸ್ತುಗಳನ್ನು ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಶಾಲಾ ಪ್ರವಾಸ ಹಂಪಿಗೆ ಹೊರಟಾಗ ಬಳ್ಳಾರಿಗೆ ಅರ್ಧ ದಿನ ಮೀಸಲಿಡಿ, ಕುಡತಿನಿಯಲ್ಲಿ ಹತ್ತು ನಿಮಿಷ ಇಳಿಯಿರಿ. ರಸ್ತೆ ಕೊಯ್ದ ಬದಿಯಲ್ಲಿ ಮೆದುಬೂದಿ, ಗಾಜುಕಿಟ್ಟ, ಮತ್ತೆ ಮೆದುಬೂದಿ ಎಂದು ಪದರಗಳನ್ನು ಮಕ್ಕಳು ಎಣಿಸಲಿ. ಚೂರುಗಳನ್ನು ಮಾತ್ರ ಜೇಬಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ.