ಮೌಸಮ್: ಬೀದರ್‌ಗೆ ಕುದುರೆ ತಂದ ಬ್ಯಾಸಗಿ ಕಡಲು

🌊 ಭಾಗ 1/8: ದಿನಾ ಬಳಸೋ ಒಂದು ಪದ

ನಮ್ಮ ಕಮಲನಗರದಾಗ "ಇವತ್ತ ಮೌಸಮ್ ಛಲೋ ಅದ" ಅಂತ ದಿನಾ ಒಬ್ಬರಾದ್ರೂ ಅಂತಾರ. ಕನ್ನಡ, ಮರಾಠಿ, ಉರ್ದು ಯಾವುದು ಮಾತಾಡಿದ್ರೂ ಈ ಪದ ಒಂದೇ. ಇದು ಅರಬ್ಬಿಯ 'ಮೌಸಿಮ್'. ಅರ್ಥ ಹಂಗಾಮು, ನಿಗದಿಯಾದ ಕಾಲ. ಅರಬ್ಬಿ ನಾವಿಕರ ಬಾಯಲ್ಲಿ ಅದಕ್ಕೆ ಇನ್ನೂ ಬಿಗಿಯಾದ ಅರ್ಥ ಇತ್ತು: ಯಾವ ಬಂದರಿನಿಂದ ಯಾವ ಬಂದರಿಗೆ ಯಾವ ದಿನಗಳಲ್ಲಿ ಹಡಗು ಬಿಡಬಹುದು ಅನ್ನೋ ಲೆಕ್ಕ. ಇದೇ ಪದ ಪೋರ್ಚುಗೀಸರ ಕೈಗೆ ಸಿಕ್ಕು, ಮುಂದೆ 'ಮಾನ್ಸೂನ್' ಆಯ್ತು.

ನಮ್ಮೂರಿನಿಂದ ಸಮುದ್ರ 400 ಕಿಲೋಮೀಟರ್‌ಗಿಂತ ದೂರ. ಅರ್ಧ ಕ್ಲಾಸ್ ಇನ್ನೂ ಸಮುದ್ರ ನೋಡಿಲ್ಲ. ಆದ್ರೂ ಐದೂವರೆ ಶತಮಾನದ ಹಿಂದೆ ಬೀದರ್‌ನ ಸುಲ್ತಾನರ ಸೈನ್ಯ, ಸಂತೆ, ಖಜಾನೆ ಎಲ್ಲ ಒಂದು ತಾರೀಖಿಗೆ ಕಾಯ್ತಿದ್ದವು: ಬ್ಯಾಸಗಿ ಮುಗಿದು ಕಡಲು ಬಂದ್ ಆಗೋ ತಾರೀಖು. ಈ ಸರಣಿ ಅದರ ಬಗ್ಗೆ. ನಾನು ಬಿಕಾಂ ಓದೋನು, ಹಿಸ್ಟರಿ ಅಲ್ಲ. ಆದ್ರ ಇದು ಲೆಕ್ಕದ ಕಥೆನೇ ಅದ, ನೋಡ್ರಿ.

🐎 ಭಾಗ 2/8: ಒಂದು ಕುದುರೆ, ಆರು ವಾರ

ಅಫನಾಸಿ ನಿಕಿತಿನ್ ಹೆಸರು ಕೆಲವರು ಕೇಳಿರ್ತೀರಿ. ರಷ್ಯಾದ ತ್ವೇರ್ ಊರಿನ ವ್ಯಾಪಾರಿ. ವೋಲ್ಗಾ ನದಿ ಇಳಿದು ಬರುವಾಗ ದಾರಿಯಲ್ಲಿ ದರೋಡೆಯಾಗಿ ಸರಕು ಹೋಯ್ತು. ಊರಿಗೆ ವಾಪಸ್ ಹೋದ್ರೆ ಸಾಲದವರು ಬಿಡೋದಿಲ್ಲ. ಹಂಗಾಗಿ ಮುಂದೆ ಮುಂದೆ ಹೋಗಿ, ಪರ್ಷಿಯಾ ದಾಟಿ ಹಾರ್ಮುಜ್ ಬಂದರು ಮುಟ್ಟಿದ. ಅಲ್ಲಿ ಅವನ ಹತ್ತಿರ ಇದ್ದ ದೊಡ್ಡ ಬಂಡವಾಳ ಅಂದ್ರೆ ಒಂದು ಗಂಡು ಕುದುರೆ. ಭಾರತದಾಗ ಕುದುರೆ ಹುಟ್ಟೋದಿಲ್ಲ, ಬಾಳ ರೇಟು ಸಿಗ್ತದ ಅಂತ ಅವನ ಲೆಕ್ಕ.

ಈಸ್ಟರ್ ಹಬ್ಬದ ಮುಂದಿನ ವಾರ 'ತಾವಾ' ಅನ್ನೋ ಹಡಗಿಗೆ ಕುದುರೆ ಹತ್ತಿಸಿದ. ಮಸ್ಕತ್‌ಗೆ 10 ದಿನ, ಆಮೇಲೆ ಗುಜರಾತ್ ತೀರ, ಖಂಬಾತ್, ಕೊನೆಗೆ ಚೌಲ್. ಈಸ್ಟರ್ ಆಗಿ ಏಳನೇ ವಾರಕ್ಕೆ ಚೌಲ್‌ನಾಗ ಇಳಿದ. ಸಮುದ್ರದ ಮೇಲೆ ಒಟ್ಟು ಆರು ವಾರ. ಅಂದ್ರೆ ಏಪ್ರಿಲ್‌ನಾಗ ಹೊರಟು ಮೇ ತಿಂಗಳಲ್ಲಿ ದಡ ಸೇರಿದ. ಇತಿಹಾಸಕಾರರಲ್ಲಿ ಹಲವರು ಇದನ್ನ 1469 ಅಂತಾರ, ಕೆಲವರು 1471 ಅಂತಾರ.

ಮ್ಯಾಪ್ ತೆಗೆದು ನೋಡ್ರಿ. ಚೌಲ್ ಇರೋದು ಈಗಿನ ಅಲಿಬಾಗ್ ಹತ್ತಿರ. ಕಮಲನಗರದಿಂದ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕ ಗೆರೆ ಎಳೆದ್ರೆ ಅಲ್ಲಿಗೇ ಹೋಗ್ತದ.

💨 ಭಾಗ 3/8: ಏಪ್ರಿಲ್‌ನಾಗೇ ಯಾಕ?

ಪಂಚಾಂಗದಲ್ಲಿ ಚೈತ್ರ, ವೈಶಾಖ ವಸಂತ ಋತು. ನಮಗದು ಬ್ಯಾಸಗಿ, ಸೆಕಿ, ಧೂಳು. ಅರಬ್ಬಿ ಸಮುದ್ರಕ್ಕೆ ಅದು ಎರಡು ದೊಡ್ಡ ಗಾಳಿಗಳ ನಡುವಿನ ಬಿಡುವು.

ನವೆಂಬರ್‌ನಿಂದ ಫೆಬ್ರವರಿ ತನಕ ಗಾಳಿ ಈಶಾನ್ಯದಿಂದ, ಅಂದ್ರೆ ನಮ್ಮ ನೆಲದ ಕಡೆಯಿಂದ ಸಮುದ್ರಕ್ಕೆ ಬೀಸ್ತದ. ಆಗ ಭಾರತದಿಂದ ಅರಬಸ್ತಾನಕ್ಕೆ, ಆಫ್ರಿಕಾಕ್ಕೆ ಹೋಗೋದು ಸುಲಭ. ಮಾರ್ಚ್ ಹೊತ್ತಿಗೆ ಆ ಗಾಳಿ ಸೋತು ಹೋಗ್ತದ. ಏಪ್ರಿಲ್, ಮೇನಲ್ಲಿ ಪಶ್ಚಿಮ ತೀರದ ಮೇಲೆ ವಾಯವ್ಯದ ಕಡೆಯಿಂದ ಹದವಾದ ಗಾಳಿ. ಹಾರ್ಮುಜ್‌ನಿಂದ ಬರೋ ಹಡಗಿಗೆ ಅದು ಬೆನ್ನಿಗೆ ಸಿಗೋ ಗಾಳಿ.

ದಡದ ಹತ್ತಿರದ ಸಣ್ಣ ದೋಣಿಗಳಿಗೆ ಇನ್ನೊಂದು ದಿನಚರಿ ಅದ. ರಾತ್ರಿ ನೆಲ ಬೇಗ ತಣ್ಣಗಾಗ್ತದ, ನಸುಕಿನಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸ್ತದ. ಆಗ ಹಾಯಿ ಬಿಚ್ಚಿ ಹೋಗಬೇಕು. ಮಧ್ಯಾಹ್ನ ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿನಿಂದ ನೆಲಕ್ಕೆ ಬರ್ತದ. ಆಗ ಅದೇ ಗಾಳಿ ಹಿಡಿದು ಮನೆಗೆ ಬರಬೇಕು. ಎಂಜಿನ್ ಬರೋ ತನಕ ಕರಾವಳಿ ಮೀನುಗಾರರ ಬ್ಯಾಸಗಿ ದಿನ ಹಿಂಗೇ ನಡೀತಿತ್ತು.

ಜೂನ್ ಬಂತಂದ್ರ ಆಟ ಮುಗೀತು. ನೈಋತ್ಯ ಗಾಳಿ ಜೋರಾಗಿ ದಡಕ್ಕೆ ಹೊಡೀತದ. ಅತಿ ಅಪಾಯ ನಡುಗಡಲಿನಲ್ಲಿ ಅಲ್ಲ, ಅಳಿವೆಯಲ್ಲಿ. ನದಿ ಸಮುದ್ರ ಸೇರೋ ಜಾಗದ ಮರಳುದಿಬ್ಬದ ಮೇಲೆ ಅಲೆ ಮುರಿದು ಬೀಳ್ತದ. ಹೊನ್ನಾವರ, ಗಂಗೊಳ್ಳಿಯಂಥ ನದಿಬಾಯಿಯ ಬಂದರುಗಳಿಗೆ ಒಳಗೆ ಬರೋ ದಾರಿಯೇ ಅದು. ದಡ ಕಣ್ಣಿಗೆ ಕಾಣ್ತಿರ್ತದ, ದೋಣಿ ಒಳಗೆ ಬರೋದಿಲ್ಲ.

🧵 ಭಾಗ 4/8: ಹೊಲಿದ ಹಡಗು

ಈ ಹಡಗುಗಳು ಹೆಂಗಿದ್ದವು ಅನ್ನೋದು ಗೊತ್ತಾದ್ರೆ ತಾರೀಖಿಗೆ ಯಾಕ ಅಷ್ಟು ಬೆಲೆ ಅಂತ ತಿಳೀತದ. ಹಾರ್ಮುಜ್‌ನ ಹಡಗುಗಳನ್ನ 13ನೇ ಶತಮಾನದ ಕೊನೆಗೆ ನೋಡಿದ ಮಾರ್ಕೊ ಪೋಲೊ ಬಾಳ ಬೈದು ಬರೆದಿದ್ದಾನೆ. ಕಬ್ಬಿಣದ ಮೊಳೆ ಇಲ್ಲ. ಹಲಗೆಗಳನ್ನ ತೆಂಗಿನ ನಾರಿನ ಹಗ್ಗದಿಂದ ಹೊಲಿದಿರ್ತಾರೆ. ಒಂದೇ ಕಂಬ, ಒಂದೇ ಹಾಯಿ, ಒಂದೇ ಚುಕ್ಕಾಣಿ. ಮೇಲೆ ಮುಚ್ಚೋ ಅಟ್ಟ ಇಲ್ಲ. ಸರಕಿನ ಮೇಲೆ ಚರ್ಮ ಹೊದಿಸಿ, ಅದರ ಮೇಲೆ ಕುದುರೆಗಳನ್ನ ನಿಲ್ಲಿಸ್ತಾರೆ!

ಹೊಲಿದ ಹಲಗೆಗೆ ಒಂದು ಲಾಭವೂ ಇತ್ತು: ಮರಳಿನ ದಡಕ್ಕೆ ಬಡಿದರೂ ಸ್ವಲ್ಪ ಬಾಗ್ತದ, ಒಡೆಯೋದಿಲ್ಲ. ಆದ್ರ ದೊಡ್ಡ ಅಲೆ ದಿನಗಟ್ಟಲೆ ಹೊಡೆದರೆ ಹೊಲಿಗೆ ಸಡಿಲ ಆಗಿ ನೀರು ಒಳಗೆ ಬರ್ತದ. ಅಟ್ಟ ಇಲ್ಲದ ಹಡಗಿನಲ್ಲಿ ಕುದುರೆ ಬೆದರಿದ್ರೆ ಏನಾಗಬಹುದು ನೀವೇ ಊಹಿಸ್ರಿ. ಹಡಗು ಬಲವಾಗಿರಲಿಲ್ಲ, ಅದಕ್ಕೇ ಹೊರಡೋ ದಿನ ಸರಿಯಾಗಿರಬೇಕಿತ್ತು.

ನಿಕಿತಿನ್ ಕಾಲದಲ್ಲೇ ಇದ್ದ ದೊಡ್ಡ ಅರಬ್ಬಿ ನಾವಿಕ ಅಹ್ಮದ್ ಇಬ್ನ್ ಮಾಜಿದ್ ಇಂಥ ದಿನಗಳ ಲೆಕ್ಕವನ್ನೇ ಪುಸ್ತಕ ಮಾಡಿದ. ಅವನ ಲೆಕ್ಕದಲ್ಲಿ ವರ್ಷದ ಸುಮಾರು ಮೂರು ತಿಂಗಳು ಕಡಲು 'ಮುಚ್ಚಿರ್ತದ'.

⛈️ ಭಾಗ 5/8: ತಾರೀಖು ತಪ್ಪಿದವರು

ತಾರೀಖು ತಪ್ಪಿದ್ರೆ ಏನಾಗ್ತದ? ನಿಕಿತಿನ್‌ಗಿಂತ ಮೊದಲು, 1442ರಲ್ಲಿ, ಪರ್ಷಿಯಾದಿಂದ ಅಬ್ದುರ್ ರಜಾಕ್ ಅನ್ನೋ ರಾಯಭಾರಿ ಬಂದ. ವಿಜಯನಗರದ ವರ್ಣನೆ ಬರೆದಿದ್ದಾನಲ್ಲ, ಅವನೇ. ಹಾರ್ಮುಜ್‌ನಾಗ ಅವನನ್ನ ತಡ ಮಾಡಿಸಿದ್ರು. ಹಡಗಿಗೆ ಒಳ್ಳೇ ಕಾಲ ಕಳೆದೇ ಹೋಯ್ತು, ಬಿರುಗಾಳಿಯ ಕಾಲಕ್ಕೆ ಹೊರಡಬೇಕಾಯ್ತು. ಹಡಗು ಹತ್ತಿದಾಗ ಭಯಕ್ಕೆ ಎಚ್ಚರ ತಪ್ಪಿತು ಅಂತ ತಾನೇ ಬರೆದಿದ್ದಾನೆ. ಮಸ್ಕತ್ ಕಡೆ ನಿಂತು, ಕಾದು, ಆಮೇಲೆ ಕಲ್ಲಿಕೋಟೆಗೆ ಬಂದ. ವಾಪಸ್ ಹೋಗಿದ್ದು 1444ರಲ್ಲಿ, ನಮ್ಮ ಹೊನ್ನಾವರದಿಂದ. ಹಾರ್ಮುಜ್‌ಗೆ 65 ದಿನ ಹಿಡೀತು, ದಾರಿಯಲ್ಲಿ ಮತ್ತೆ ಭಾರಿ ಬಿರುಗಾಳಿ.

ನಿಕಿತಿನ್ ಬರುವಾಗ ಸರಿಯಾದ ದಿನಕ್ಕೆ ಬಂದ, ಹೋಗುವಾಗ ಅದೃಷ್ಟ ಕೈಕೊಟ್ಟಿತು. ದಾಭೋಳ್ ಬಂದರಿನಲ್ಲಿ ಎರಡು ಬಂಗಾರದ ನಾಣ್ಯ ಕೊಟ್ಟು ಹಾರ್ಮುಜ್‌ಗೆ ಟಿಕೆಟ್ ಮಾಡಿದ. ಒಂದು ತಿಂಗಳು ಸಮುದ್ರ ಬಿಟ್ಟು ಬೇರೇನೂ ಕಾಣಲಿಲ್ಲ. ಎರಡನೇ ತಿಂಗಳು ಗುಡ್ಡ ಕಂಡವು. ಹಾರ್ಮುಜ್ ಅಲ್ಲ, ಇಥಿಯೋಪಿಯಾ! ಹಡಗಿನವರು ಇಲ್ಲೇ ನಮ್ಮ ಕಥೆ ಮುಗೀತು ಅಂತ ದೇವರನ್ನ ಕೂಗಿದ್ರಂತೆ. ಆ ತೀರದವರಿಗೆ ಅಕ್ಕಿ, ಮೆಣಸು, ರೊಟ್ಟಿ ಹಂಚಿ ಲೂಟಿಯಿಂದ ಪಾರಾದ್ರು. ಅಲ್ಲಿಂದ 12 ದಿನಕ್ಕೆ ಮಸ್ಕತ್, ಮತ್ತೆ 9 ದಿನಕ್ಕೆ ಹಾರ್ಮುಜ್.

ಅವನು ಸ್ವಂತ ಊರು ಮುಟ್ಟಲೇ ಇಲ್ಲ. ರಷ್ಯಾದ ಸ್ಮೊಲೆನ್ಸ್ಕ್ ತಲುಪೋ ಮೊದಲೇ ತೀರಿಹೋದ. ಬರೆದಿಟ್ಟ ಟಿಪ್ಪಣಿ ಮಾತ್ರ ಮನೆಕಡೆ ಹೋಯ್ತು.

📒 ಭಾಗ 6/8: ಕುದುರೆಯ ಜಮಾ-ಖರ್ಚು

ಕಾಮರ್ಸ್ ದೋಸ್ತರೇ, ಈ ಭಾಗ ನಿಮಗ.

ಕುದುರೆಯ ಅಸಲು ನೂರು ರೂಬಲ್ ಅಂತ ನಿಕಿತಿನ್ ಬರೆದಿದ್ದಾನೆ. ಚೌಲ್‌ನಲ್ಲಿ ಇಳಿದು 24 ದಿನದ ದಾರಿ ನಡೆದು ಜುನ್ನರ್ ಮುಟ್ಟೋದ್ರೊಳಗ ಮಳೆ ಹಿಡೀತು. ನಾಲ್ಕು ತಿಂಗಳು ಹಗಲು ರಾತ್ರಿ ಎಲ್ಲೆಲ್ಲೂ ನೀರು, ಕೆಸರು. ಅವನಿಗೆ ಅದಕ್ಕೆ ಹೆಸರೇ ಗೊತ್ತಾಗದೆ 'ಚಳಿಗಾಲ' ಅಂತ ಬರೆದ, ಯಾಕಂದ್ರ ಅವನ ದೇಶದಾಗ ಮಂದಿ ಮನೆಯೊಳಗ ಕೂಡೋದು ಚಳಿಗಾಲದಾಗ. ಅದೇ ದಿನಗಳಲ್ಲಿ ಇಲ್ಲಿಯವರು ಹೊಲ ಹೂಡಿ ಬಿತ್ತುತ್ತಾರೆ ಅಂತಲೂ ಬರೆದ.

ಜುನ್ನರ್‌ನ ಖಾನ್ ಕುದುರೆ ಕಸಿದುಕೊಂಡ. ಧರ್ಮ ಬದಲಿಸು, ಕುದುರೆನೂ ಕೊಡ್ತೀನಿ, ಸಾವಿರ ಬಂಗಾರದ ನಾಣ್ಯನೂ ಕೊಡ್ತೀನಿ. ಇಲ್ಲಾಂದ್ರೆ ಕುದುರೆನೂ ಇಲ್ಲ, ಸಾವಿರ ನಾಣ್ಯ ದಂಡ. ನಾಲ್ಕು ದಿನ ಟೈಮ್. ಖೊರಾಸಾನಿನ ಖೋಜಾ ಮುಹಮ್ಮದ್ ಅನ್ನೋರು ನಡುವೆ ಬಂದು ಮಾತಾಡಿ ಬಿಡಿಸಿದ್ರು. ಕುದುರೆ ವಾಪಸ್ ಸಿಕ್ಕಿತು, ಧರ್ಮವೂ ಉಳೀತು.

ಆಗಸ್ಟ್‌ನಲ್ಲಿ ಜುನ್ನರ್ ಬಿಟ್ಟು ಬೀದರ್‌ಗೆ ಬಂದ. ಕುದುರೆ ಮಾರಿದ್ದು ಕ್ರಿಸ್‌ಮಸ್‌ಗೆ! ದಡ ಮುಟ್ಟಿ ಸುಮಾರು ಏಳು ತಿಂಗಳ ಮೇಲೆ. ಅಲ್ಲಿ ತನಕ ಮೇಯಿಸಬೇಕು. ಇಲ್ಲಿ ಕುದುರೆಗೆ ಕಡ್ಲಿ ತಿನ್ನಿಸ್ತಾರೆ, ಸಕ್ಕರೆ ಎಣ್ಣೆ ಹಾಕಿ ಕಿಚಡಿ ಬೇಯಿಸಿ ಕೊಡ್ತಾರೆ ಅಂತ ಅವನು ಬರೆದಿದ್ದಾನೆ. ಬೀದರ್ ಸೀಮೆಯ ಕಡ್ಲಿಗೆ ಆಗಲೇ ಎಂಥ ಗಿರಾಕಿ ನೋಡ್ರಿ! ಆಳಂದದಲ್ಲಿ ಶೇಖ್ ಅಲಾವುದ್ದೀನರ ಹೆಸರಿನ ಜಾತ್ರೆಗೆ 20,000 ಕುದುರೆ ತನಕ ಮಾರಾಟಕ್ಕೆ ಬರ್ತವೆ ಅಂತಲೂ ಅವನ ಟಿಪ್ಪಣಿ ಹೇಳ್ತದ. ಅದು ಮಳೆ ಮುಗಿದ ಮೇಲಿನ ಸಂತೆ.

ಅಂದ್ರೆ ಏಪ್ರಿಲ್-ಮೇ ಕಡಲು, ಜೂನ್‌ನಿಂದ ಮಳೆ, ಅಕ್ಟೋಬರ್‌ನಲ್ಲಿ ಸಂತೆ. ಕಡಲಿನ ತಾರೀಖು ಒಂದು ತಪ್ಪಿದ್ರೆ ಬಂಡವಾಳ ಇಡೀ ವರ್ಷ ಕಟ್ಟಿಹಾಕಿದಂಗ.

🕌 ಭಾಗ 7/8: ಗವಾನ್‌ಗೆ ಈ ಲೆಕ್ಕ ಗೊತ್ತಿತ್ತು

ಫೋಟೋದಾಗ ಇರೋದು ಬೀದರ್‌ನ ಮಹಮೂದ್ ಗವಾನ್ ಮದರಸಾ. 1472ರಲ್ಲಿ ಕಟ್ಟಿ ಮುಗಿಸಿದ್ದು. ನಾವೆಲ್ಲ ಅದರ ಮುಂದೆ ರೀಲ್ಸ್ ಮಾಡಿದ್ದೇವೆ. ಗವಾನ್ ತಾನೂ ಕಡಲು ದಾಟಿ ಬಂದವನೇ. ಕ್ಯಾಸ್ಪಿಯನ್ ಸಮುದ್ರದ ದಡದ ಗೀಲಾನ್ ಅವನ ಊರು. 1453ರ ಸುಮಾರಿಗೆ ದಾಭೋಳ್‌ನಲ್ಲಿ ಇಳಿದು ವ್ಯಾಪಾರಿಯಾಗಿ ಬೀದರ್‌ಗೆ ಬಂದ. ಮುಂದೆ ಬಹಮನಿ ರಾಜ್ಯದ ಪ್ರಧಾನಿಯಾದ. ಅವನಿಗೆ ಸಿಕ್ಕ ಬಿರುದು 'ಮಲಿಕ್-ಉತ್-ತುಜ್ಜಾರ್', ವ್ಯಾಪಾರಿಗಳ ಒಡೆಯ.

ಆಗ ಕೊಂಕಣ ತೀರದ ಪಾಳೇಗಾರರ ದೋಣಿಗಳು ವ್ಯಾಪಾರಿ ಹಡಗು ಲೂಟಿ ಮಾಡ್ತಿದ್ದವು. ಸಮುದ್ರದ ಮೇಲೆ ಕಳ್ಳರು ಬಾಳ ಅಂತ ನಿಕಿತಿನ್ ಕೂಡ ಗೋಳಾಡಿದ್ದಾನೆ. ಹಡಗು ಓಡಾಡೋದೇ ವರ್ಷದ ಕೆಲವು ತಿಂಗಳು. ಅದರಲ್ಲೂ ಲೂಟಿ ಆದ್ರೆ ಸೈನ್ಯಕ್ಕೆ ಕುದುರೆ ಎಲ್ಲಿಂದ? 1469ರಿಂದ ಗವಾನ್ ಕೊಂಕಣದ ಮೇಲೆ ದಂಡು ತೆಗೆದುಕೊಂಡು ಹೋದ. ಮಳೆ ಬಂದಾಗ ಘಟ್ಟದಿಂದ ಹಿಂದೆ ಸರಿದು, ಮಳೆ ಮುಗಿದ ಮೇಲೆ ಮತ್ತೆ ಮುಂದುವರಿದ. 1472ರಲ್ಲಿ ವಿಜಯನಗರದ ಕೈಯಲ್ಲಿದ್ದ ಗೋವಾ ಹಿಡಿದ. ನೆಲದಿಂದ ಸೈನ್ಯ, ಕಡಲಿನಿಂದ 120 ಹಡಗು ಹೋದವು ಅಂತ ಇತಿಹಾಸಕಾರ ಫೆರಿಷ್ತಾ ಬರೀತಾನೆ.

ವಿಜಯನಗರಕ್ಕೂ ಕುದುರೆ ಬರ್ತಿದ್ದದ್ದು ಇದೇ ಕಡಲಿನಿಂದ: ಗೋವಾ, ಭಟ್ಕಳ, ಹೊನ್ನಾವರ. ಒಬ್ಬರಿಗೊಬ್ಬರು ವೈರಿಗಳಾದ್ರೂ ಇಬ್ಬರೂ ಕಾಯ್ತಿದ್ದದ್ದು ಒಂದೇ ಗಾಳಿಗೆ.

📡 ಭಾಗ 8/8: ಈಗಲೂ ಅದೇ ಬಾಗಿಲು

ಇವತ್ತು ಎಂಜಿನ್ ಅದ, ಜಿಪಿಎಸ್ ಅದ. ಆದ್ರೂ ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್. ಮೀನು ಮರಿ ಮಾಡೋ ಕಾಲ ಅನ್ನೋದು ಮುಖ್ಯ ಕಾರಣ, ಕಡಲಿನ ಅಬ್ಬರ ಇನ್ನೊಂದು. ಇಬ್ನ್ ಮಾಜಿದ್‌ನ ಮುಚ್ಚಿದ ಕಡಲಿನ ಒಳಗೇ ಈ ತಾರೀಖೂ ಬೀಳ್ತದ.

ಅಪಾಯ ಇರೋದು ಬಾಗಿಲು ಮುಚ್ಚೋ ಮೊದಲಿನ ವಾರಗಳಲ್ಲಿ. ಏಪ್ರಿಲ್, ಮೇನಲ್ಲಿ ಅರಬ್ಬಿ ಸಮುದ್ರದ ನೀರು ವರ್ಷದಲ್ಲೇ ಹೆಚ್ಚು ಬಿಸಿ. ಆ ಬಿಸಿ ಚಂಡಮಾರುತಕ್ಕೆ ಕಟ್ಟಿಗೆ ಇಟ್ಟಂಗ. ಮೇ 2021ರ ತೌಕ್ತೆ ನೆನಪದ? ಲಕ್ಷದ್ವೀಪದ ಹತ್ತಿರ ಹುಟ್ಟಿ, ನಮ್ಮ ಕರಾವಳಿ ಪಕ್ಕ ಹಾದು, ಮೇ 17ರ ರಾತ್ರಿ ಗುಜರಾತ್‌ಗೆ ಹೊಡೀತು. ಮೂಲ್ಕಿ ಹತ್ತಿರ ಬಂಡೆಗಳ ನಡುವೆ ಸಿಕ್ಕಿದ್ದ ಟಗ್‌ನಿಂದ 9 ಮಂದಿಯನ್ನ ಕೋಸ್ಟ್ ಗಾರ್ಡ್, ನೌಕಾಪಡೆ ಸೇರಿ ಕಾಪಾಡಿದ್ರು. ಮುಂಬೈ ಆಚೆ ಪಿ-305 ಬಾರ್ಜ್ ಮುಳುಗಿ ಹಲವಾರು ಕೆಲಸಗಾರರು ಸತ್ತರು. ಮುನ್ಸೂಚನೆ ಮೊದಲೇ ಬಂದಿತ್ತು.

ಇನ್ನೊಂದು ಅದ: ಗಾಳಿ ಇಲ್ಲ, ಮೋಡ ಇಲ್ಲ, ಆದ್ರೂ ದಡಕ್ಕೆ ದೊಡ್ಡ ಅಲೆ ನುಗ್ಗೋದು. ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಅಲೆ ಸಾವಿರಾರು ಕಿಲೋಮೀಟರ್ ದಾಟಿ ಬಂದಿರ್ತದ. ಕೇರಳದ ಮೀನುಗಾರರು ಇದಕ್ಕೆ 'ಕಳ್ಳಕ್ಕಡಲ್' ಅಂತಾರೆ. ನಮಗೂ ಅರ್ಥ ಆಗ್ತದ, ಕಳ್ಳನಂಗ ಬರೋ ಕಡಲು. 2012ರಲ್ಲಿ ಯುನೆಸ್ಕೋ ಕೂಡ ಈ ಪದವನ್ನ ಒಪ್ಪಿಕೊಂಡಿತು.

ಇದರ ಎಚ್ಚರಿಕೆ ಕೊಡೋ ಕೇಂದ್ರ ಸಂಸ್ಥೆ ಇನ್‌ಕಾಯ್ಸ್. ಅದರ ಆಫೀಸ್ ಎಲ್ಲದ ಗೊತ್ತಾ? ಹೈದರಾಬಾದ್‌ನಾಗ. ಬೀದರ್‌ನಿಂದ ಮೂರು ತಾಸಿನ ದಾರಿ. ಕಡಲೇ ಇಲ್ಲದ ದಖ್ಖನ್‌ನಾಗ ಕೂತು ಅಲೆ ಎಷ್ಟು ಎತ್ತರ, ಗಾಳಿ ಎತ್ತ ಅಂತ ಲೆಕ್ಕ ಹಾಕಿ ಸಣ್ಣ ದೋಣಿಯವರ ಮೊಬೈಲಿಗೆ ಕಳಿಸ್ತಾರೆ.

ಪರೀಕ್ಷೆ ಮುಗಿಸಿ ಮೇ ತಿಂಗಳಲ್ಲಿ ಗೋಕರ್ಣ, ಮಲ್ಪೆ ಟ್ರಿಪ್ ಪ್ಲಾನ್ ಮಾಡೋ ದೋಸ್ತರಿಗೆ ಒಂದೇ ಮಾತು: ದೋಣಿಯವರು "ಇವತ್ತ ಬ್ಯಾಡ" ಅಂದ್ರೆ ಚೌಕಾಸಿ ಮಾಡಬ್ಯಾಡ್ರಿ. ಮೋಡ ಇಲ್ಲ ಅಂತ ವಾದನೂ ಬ್ಯಾಡ.

ನಿಮ್ಮ ಮನಿಯಾಗ ಅಜ್ಜ, ಮುತ್ಯಾ, ಆಯಿ ಮಳೆ ಬರೋದು ಯಾವ ಗಾಳಿ ನೋಡಿ ಹೇಳ್ತಾರ? ಕಾಮೆಂಟ್‌ನಾಗ ಬರೀರಿ. ಮುಂದಿನ ಸರಣಿ ಆಳಂದದ ಸಂತೆ ಮೇಲೆ.

#ಮೌಸಮ್ #ಬೀದರ್ #ಕಮಲನಗರ #ಇತಿಹಾಸ #ಅರಬ್ಬಿಸಮುದ್ರ #ಕಲ್ಯಾಣಕರ್ನಾಟಕ