ಹಾರ್ಮೋನಿಯಂ: ಶ್ರುತಿಶುದ್ಧಿ ಮತ್ತು ಸಂರಕ್ಷಣೆ

ಹಾರ್ಮೋನಿಯಂ ವಾದ್ಯದ ತಿದಿ, ಬೆರಳಿನಿಂದ ಒತ್ತುವ ಮನೆಗಳು ಹಾಗೂ ಹಿತ್ತಾಳೆಯ ನಾಲಗೆಗಳನ್ನು (ರೀಡ್) ಸುಸ್ಥಿತಿಯಲ್ಲಿರಿಸಿ, ಅದರ ಸ್ವರಗಳನ್ನು ಶ್ರುತಿಗೆ ತರುವ ಕುಶಲವಿದ್ಯೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಪ್ರಾಂತದ ನಾಟಕ, ಬಯಲಾಟ, ಭಜನೆಗಳಲ್ಲಿ ನೆಲೆಯೂರಿದ ಪಾಶ್ಚಾತ್ಯ ಮೂಲದ ವಾದ್ಯವು ಪಿಯಾನೊ ಆಗಿರದೆ ಹಾರ್ಮೋನಿಯಂ ಆದುದರಿಂದ, ಇಲ್ಲಿನ ವಾದ್ಯರಕ್ಷಣೆಯ ಚರಿತ್ರೆಯೂ ಬಹುಮಟ್ಟಿಗೆ ಅದನ್ನೇ ಆಶ್ರಯಿಸಿದೆ.

ಇತಿಹಾಸ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ 1842ರಲ್ಲಿ ಹಕ್ಕುಪತ್ರ ಪಡೆದ, ಕಾಲಿನಿಂದ ತಿದಿಯೊತ್ತುವ ಈ ವಾದ್ಯವನ್ನು, ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿಯೂಡಿ ಮತ್ತೊಂದರಿಂದ ನುಡಿಸುವಂತೆ ಕಲ್ಕತ್ತೆಯ ದ್ವಾರಕಾನಾಥ ಘೋಷರು ಆ ಶತಮಾನದ ಉತ್ತರಾರ್ಧದಲ್ಲಿ ಮಾರ್ಪಡಿಸಿದರು. ಎರಡು ಕೈಗಳಿಗೂ ಬಿಡುವು ದೊರೆಯುವ ಕಾಲುಹಾರ್ಮೋನಿಯಂ ಮಾತ್ರ ವೃತ್ತಿನಾಟಕ ಕಂಪನಿಗಳ ರಂಗದ ಮುಂದೆ ಉಳಿದುಕೊಂಡಿತು. ಸ್ಥಿರಸ್ವರಗಳ ಈ ವಾದ್ಯವು ಗಮಕಕ್ಕೂ ಸೂಕ್ಷ್ಮಶ್ರುತಿಗೂ ಒದಗದೆಂಬ ಆಕ್ಷೇಪದಿಂದ ಆಕಾಶವಾಣಿಯು 1940ರಲ್ಲಿ ವಿಧಿಸಿದ ನಿಷೇಧವು 1971ರವರೆಗೆ ಮುಂದುವರಿದರೂ, ರಂಗಭೂಮಿ ಅದನ್ನು ಕೈಬಿಡಲಿಲ್ಲ. ಸಮೀಪದ ಗದಗಿನಲ್ಲಿ, ಸ್ವತಃ ಹಾರ್ಮೋನಿಯಂ ವಾದನದಲ್ಲಿ ನಿಷ್ಣಾತರಾಗಿದ್ದ ಪುಟ್ಟರಾಜ ಗವಾಯಿಗಳ (1914–2010) ವೀರೇಶ್ವರ ಪುಣ್ಯಾಶ್ರಮವು ಅಂಧರಿಗೂ ಅನಾಥರಿಗೂ ಸಂಗೀತ ಕಲಿಸಿ, ನಾಟಕ ಕಂಪನಿಯನ್ನೂ ನಡೆಸಿ, ಈ ಪರಂಪರೆಯನ್ನು ಪೋಷಿಸಿತು.

ವಿಧಾನ. ಸುಮಾರು 230 ತಂತಿಗಳುಳ್ಳ ಪಿಯಾನೊದಲ್ಲಿ ಋತುಭೇದಕ್ಕನುಗುಣವಾಗಿ ಬಿಗಿತ ವ್ಯತ್ಯಾಸಗೊಂಡು ಶ್ರುತಿ ಏರಿಳಿಯುತ್ತಿರುವುದರಿಂದ ಕೀಲುಗಳನ್ನು ಮೇಲಿಂದ ಮೇಲೆ ತಿರುಗಿಸಬೇಕಾಗುವುದು. ಹಾರ್ಮೋನಿಯಮ್ಮಿನ ನಾಲಗೆಯಾದರೋ ವರ್ಷಗಟ್ಟಲೆ ಸ್ವರವನ್ನು ಹಿಡಿದಿಡುವುದಾದರೂ, ಒಮ್ಮೆ ಅರೆದು ತೆಗೆದ ಲೋಹವು ಮರಳಿ ಬಾರದ ಕಾರಣ ಅದನ್ನು ತಿದ್ದುವವನಿಗೆ ಅತಿಶಯವಾದ ಸಂಯಮ ಬೇಕು. ನಾಲಗೆಯ ತುದಿಯನ್ನು ಅರದಿಂದ ಸವೆಸಿದರೆ ಸ್ವರವೇರುವುದು. ಬುಡವನ್ನು ಕೆರೆದರೆ ಇಳಿಯುವುದು. ಎರಡು ಸ್ವರಗಳನ್ನು ಕೂಡಿಸಿ ನುಡಿಸಿದಾಗ ಕೇಳಿಬರುವ ನಾದದ ತೊನೆದಾಟವೇ ಕುಶಲಿಯ ಕಿವಿಗೆ ಪ್ರಮಾಣ.

ಪ್ರಾದೇಶಿಕ ಪರಿಸ್ಥಿತಿ. ಮಳೆ ವಿರಳವಾದ ಈ ಸೀಮೆಯಲ್ಲಿ ಬೇಸಗೆಯ ಧೂಳು ನಾಲಗೆಯ ಸಂದಿನಲ್ಲಿ ಸಿಲುಕಿ ಸ್ವರವನ್ನೇ ಮೂಕಗೊಳಿಸುವುದು. ಒಣಗಾಳಿಗೆ ಮರ ಬಿರಿದರೆ ಗಾಳಿ ಸೋರುವುದು. ಮಳೆಗಾಲದಲ್ಲಿ ಮನೆಗಳು ಉಬ್ಬಿ ಅಂಟಿಕೊಳ್ಳುವುವು. ತಿದಿಯ ತೊಗಲನ್ನು ಇಲಿಗಳು ಕಡಿಯುವುವು. ಜಾತ್ರೆಯಿಂದ ಜಾತ್ರೆಗೆ ಸಾಗುವ ಮಂಡಳಿಗಳ ವಾದ್ಯವು ಪ್ರಯಾಣದ ಅಲುಗಾಟವನ್ನೂ ಸಹಿಸಬೇಕಾದುದರಿಂದ, ಧೂಳು ಕೊಡವುವುದು, ತಿದಿಗೆ ತೇಪೆ ಹಾಕುವುದು, ಸಡಿಲಿದ ಸ್ಪ್ರಿಂಗು ಬದಲಿಸುವುದು ಮೊದಲಾದ ನಿತ್ಯದ ಆರೈಕೆಯು ಹಾರ್ಮೋನಿಯಂ ಮಾಸ್ತರರ ವಿದ್ಯೆಯ ಭಾಗವೇ ಆಗುವುದು.

ವಿದ್ಯುನ್ಮಾನ ಕೀಬೋರ್ಡು ವ್ಯಾಪಕವಾದ ಮೇಲೆ ಈ ಕೆಲಸಕ್ಕಿದ್ದ ಬೇಡಿಕೆ ಕುಗ್ಗಿದೆ. ಆದರೂ ಬಿಚ್ಚಿ ತಿದ್ದಿ ಮರಳಿ ಜೋಡಿಸಬಹುದಾದ ಹಾರ್ಮೋನಿಯಂ ತಲೆಮಾರುಗಳ ಕಾಲ ಬಾಳಬಲ್ಲುದು. ಅದರ ಆಯುಷ್ಯವು ಅದನ್ನು ತಿದ್ದಬಲ್ಲ ಕೈಗಳು ಉಳಿದಿರುವುದನ್ನೇ ಅವಲಂಬಿಸಿದೆ.