ಎತ್ತಿನ ಜಾತ್ರೆಯಿಂದ ಸಣ್ಣ ಟ್ರ್ಯಾಕ್ಟರಿನವರೆಗೆ

ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ನಮ್ಮ ಮಂಚೇನಹಳ್ಳಿ ಸೀಮೆಯ ಉಳುಮೆ ನಡೆದು ಬಂದ ದಾರಿಯನ್ನು ಸದಸ್ಯ ಬಂಧುಗಳ ಮುಂದೆ ಇಡೋಣವೆಂದು ಈ ನಾಲ್ಕು ಮಾತು. ಎರಡು-ಮೂರು ಎಕರೆ ಇರುವವರೂ ಈಗ ಸೆಕೆಂಡ್ ಹ್ಯಾಂಡ್ ಸಣ್ಣ ಟ್ರ್ಯಾಕ್ಟರ್ ಹುಡುಕುತ್ತಾ ಇದ್ದಾರೆ. ಹಳೆಯದನ್ನು ತಿಳಿದುಕೊಂಡರೆ ಈ ವ್ಯಾಪಾರದಲ್ಲಿ ಮೋಸ ಹೋಗುವುದು ಕಡಿಮೆಯಾಗುತ್ತದೆ.

ನಮ್ಮ ಹಿರಿಯರಿಗೆ ಎತ್ತೇ ಬಂಡವಾಳ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ, ಶಿವರಾತ್ರಿಯ ನಂದಿ ಜಾತ್ರೆಗಳಿಗೆ ಹೋಗಿ ಹಳ್ಳಿಕಾರ್ ಜೋಡಿ ತರುತ್ತಿದ್ದರು. ಬಾಯಿ ತೆರೆದು ಹಲ್ಲು ನೋಡೋರು, ಸುಳಿ ನೋಡೋರು, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡೋರು. ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಕುದುರಿಸೋರು. ದಲ್ಲಾಳಿ ಎಷ್ಟೇ ಹೊಗಳಲಿ, ಕಣ್ಣಾರೆ ನೋಡದೆ ಹಣ ಬಿಚ್ಚುತ್ತಿರಲಿಲ್ಲ.

ನಮ್ಮ ದೇಶದಲ್ಲೇ ತಯಾರಾದ ಮೊದಲ ಟ್ರ್ಯಾಕ್ಟರ್ ಹೊರಬಂದದ್ದು 1959ರಲ್ಲಿ, ಫರೀದಾಬಾದಿನ ಐಷರ್ ಕಾರ್ಖಾನೆಯಿಂದ. ಬೆಂಗಳೂರಿನ ಎಚ್‌ಎಂಟಿ ಸಂಸ್ಥೆ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ತಯಾರಿಸಲು ಶುರು ಮಾಡಿತು. 1974ರಲ್ಲಿ ಪಂಜಾಬಿನಿಂದ ಸ್ವರಾಜ್ ಬಂತು. ಇವೆಲ್ಲ ಇಪ್ಪತ್ತೈದು, ಮೂವತ್ತೈದು ಎಚ್‌ಪಿ ಗಾಡಿಗಳು. ನಮ್ಮ ಕಡೆ ದೊಡ್ಡ ಹಿಡುವಳಿಯವರು ಕೊಂಡರು, ಉಳಿದವರು ಬಾಡಿಗೆಗೆ ಕರೆದರು. ಅಷ್ಟರಲ್ಲಿ ಅಣ್ಣತಮ್ಮಂದಿರ ಭಾಗವಾಗಿ ಜಮೀನು ತುಂಡಾಯಿತು. ಬದುಗಳು ಹೆಚ್ಚಿದವು, ದೊಡ್ಡ ಗಾಡಿ ತಿರುಗಲು ಜಾಗವೇ ಇಲ್ಲದಂತಾಯಿತು. ಮೇವು, ಆಳು ಎರಡೂ ಕಷ್ಟವಾಗಿ ಎತ್ತುಗಳೂ ಕೊಟ್ಟಿಗೆಯಿಂದ ಹೋದವು.

ಈ ಕೊರತೆ ತುಂಬಿದ್ದು ಸಣ್ಣ ಯಂತ್ರಗಳು. 1967ರಲ್ಲಿ ಬೆಂಗಳೂರಿನಲ್ಲಿ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಪವರ್ ಟಿಲ್ಲರ್ ಕೆಲಸಕ್ಕೆ ಇಳಿಯಿತು. ಮುಂದೆ ಅವರದೇ ಹದಿನೆಂಟೂವರೆ ಎಚ್‌ಪಿ ಸಣ್ಣ ಟ್ರ್ಯಾಕ್ಟರ್ ಬಂತು. 2010-11ರ ಹೊತ್ತಿಗೆ ಮಹೀಂದ್ರದವರ 15 ಎಚ್‌ಪಿ ಯುವರಾಜ್ ಬಂತು. ಹಿಪ್ಪುನೇರಳೆಯನ್ನು ಜೋಡಿ ಸಾಲಿನಲ್ಲಿ ನೆಟ್ಟರೆ ಎರಡು ಜೋಡಿಗಳ ನಡುವೆ 5 ಅಡಿ ಜಾಗ ಸಿಗುತ್ತದೆ. ಸಣ್ಣ ಟ್ರ್ಯಾಕ್ಟರ್ ಅದರೊಳಗೆ ಓಡಾಡುತ್ತದೆ. ದ್ರಾಕ್ಷಿ ಚಪ್ಪರದ ಕೆಳಗೂ ನುಗ್ಗುತ್ತದೆ. ಆದರೆ ಕೊಳ್ಳುವ ಮೊದಲು ಟೇಪು ಹಿಡಿದು ಅಳೆಯಿರಿ. ಟೈರಿಗಿಂತ ರೋಟವೇಟರ್ ಅಗಲ ಇರಬಹುದು, ಸೈಲೆನ್ಸರ್ ಚಪ್ಪರದ ತಂತಿಗೆ ತಾಗಬಹುದು.

ಇನ್ನು ಹಳೇ ಗಾಡಿಯ ಹಲ್ಲು ನೋಡುವ ವಿಚಾರ. ಇಂಜಿನ್ ತಣ್ಣಗಿರುವಾಗಲೇ ಹೋಗಿ ನೀವೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ, ರಿಂಗು ಪಿಸ್ಟನ್ ಸವೆದಿದೆ ಅಂತ ಅರ್ಥ. ಕಪ್ಪು ಹೊಗೆ ಬಿಡದೆ ಬಂದರೆ ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ಡೀಸೆಲ್ ಪಂಪು, ನಾಝಲ್ ಕೆಟ್ಟಿದೆ. ಆಯಿಲ್ ನೋಡುವ ಕಡ್ಡಿ ಎಳೆದಾಗ ಆಯಿಲ್ ಹಾಲಿನ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ, ಅಂಥದ್ದನ್ನು ಮುಟ್ಟಬೇಡಿ. ರೋಟವೇಟರ್ ಕಟ್ಟಿ ಎತ್ತಿಸಿ, ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಕಾಯಿರಿ. ಅದು ಕೂಡಲೇ ನೆಲಕ್ಕೆ ಕೂತರೆ ಹೈಡ್ರಾಲಿಕ್ಕಿಗೆ ಖರ್ಚಿದೆ. ಮೀಟರಿನಲ್ಲಿ ಗಂಟೆ ಕಡಿಮೆ ತೋರಿಸಿ ಕ್ಲಚ್ ಪೆಡಲ್ ನುಣ್ಣಗೆ ಸವೆದಿದ್ದರೆ ಪೆಡಲನ್ನೇ ನಂಬಿ. ಹೊಸ ಬಣ್ಣಕ್ಕೆ ಮರುಳಾಗಬೇಡಿ. ಬಿಡಿ ಭಾಗ ಹತ್ತಿರದಲ್ಲಿ ಸಿಗುತ್ತದೆಯೇ ಎಂದು ಮೆಕ್ಯಾನಿಕ್‌ನನ್ನು ಕೇಳಿ. ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲೇ ತೀರ್ಮಾನಿಸಿತು. ಗಾಡಿ ಗಟ್ಟಿಯಿದ್ದರೂ ಇಂಥ ವಿಚಾರ ಲೆಕ್ಕಕ್ಕೆ ಇರಬೇಕು.

ಎತ್ತಿಗೆ ಕಾಗದ ಇರಲಿಲ್ಲ, ಟ್ರ್ಯಾಕ್ಟರಿಗೆ ಕಾಗದವೇ ಪ್ರಾಣ. ಆರ್‌ಸಿಯಲ್ಲಿರುವ ಇಂಜಿನ್ ನಂಬರು, ಚಾಸಿ ನಂಬರುಗಳನ್ನು ಗಾಡಿಯ ಮೇಲಿನ ನಂಬರಿಗೆ ತಾಳೆ ಹಾಕಿ. ಆರ್‌ಸಿಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರಿದ್ದರೆ ಅವರ ಎನ್‌ಒಸಿ ಮತ್ತು ಫಾರಂ 35 ಬೇಕೇ ಬೇಕು. ಹೆಸರು ಬದಲಾವಣೆಗೆ ಫಾರಂ 29, 30. ಇವು ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ತೀರದ ಸಾಲದ ಗಾಡಿಯನ್ನು ಫೈನಾನ್ಸಿನವರು ನಿಮ್ಮ ಹೊಲದಿಂದಲೇ ಎಳೆದುಕೊಂಡು ಹೋದರೆ ಯಾರನ್ನು ಕೇಳೋದು?

ಎಲ್ಲಕ್ಕಿಂತ ಮುಖ್ಯ, ಗಾಡಿ ನಮಗೆ ಬೇಕೇ ಅನ್ನೋದು. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: 3 ಎಕರೆ, ವರ್ಷಕ್ಕೆ 2 ಬೆಳೆ, ಎಕರೆಗೆ ಬೆಳೆಗೆ 5 ಗಂಟೆ ಕೆಲಸ. ಒಟ್ಟು 30 ಗಂಟೆ. ಗಂಟೆಗೆ 1,000 ರೂಪಾಯಿ ಬಾಡಿಗೆಯಾದರೆ 30,000 ರೂಪಾಯಿ. ಎರಡೂವರೆ ಲಕ್ಷ ಸಾಲ ಮಾಡಿ ಹಳೇ ಗಾಡಿ ತಂದರೆ ನೂರಕ್ಕೆ 12ರಂತೆ ಬಡ್ಡಿಯೇ 30,000. ಅಸಲು, ಡೀಸೆಲ್, ರಿಪೇರಿ ಬೇರೆ. ಒಂಟಿ ಮನೆಗೆ ಇದು ಗಿಟ್ಟುವುದಿಲ್ಲ. ಜಮೀನು ಅಡವಿಟ್ಟರೆ ಸಾಲ ಪಹಣಿಯ 11ನೇ ಕಾಲಂನಲ್ಲಿ ಕೂರುತ್ತದೆ. ಉಳೋದಕ್ಕೆ ತಂದ ಗಾಡಿಗೆ ಉಳುವ ಭೂಮಿಯೇ ಹೋಗಬಾರದು.

ಅದೇ ಗಾಡಿ ನಾಲ್ಕು ಮನೆಗೆ ದುಡಿದರೆ 120 ಗಂಟೆ ಕೆಲಸ, ಬಾಡಿಗೆ ಲೆಕ್ಕದಲ್ಲಿ 1,20,000 ರೂಪಾಯಿ. ಡೀಸೆಲ್, ಬಡ್ಡಿ, ರಿಪೇರಿ ಕಳೆದರೂ ಅಸಲಿಗೆ ಒಂದಿಷ್ಟು ಉಳಿಯುತ್ತದೆ. ಆರ್‌ಸಿ ಒಬ್ಬರ ಹೆಸರಿಗಿದ್ದರೆ, ಯಾರ ಪಾಲು ಎಷ್ಟು, ಮಳೆ ಬಿದ್ದಾಗ ಮೊದಲ ಸರದಿ ಯಾರದ್ದು, ರಿಪೇರಿ ಖರ್ಚು ಹೇಗೆ ಎಂದು ಮೊದಲೇ ಬರೆದಿಡಬೇಕು. ಅದಕ್ಕೂ ಶಕ್ತಿಯಿಲ್ಲದವರು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆ ವಿಚಾರಿಸಲಿ, ಅದರಲ್ಲಿ ಅವಮಾನವೇನೂ ಇಲ್ಲ.

ನಮ್ಮ ಹಿರಿಯರು ಒಂಟಿ ಎತ್ತಿದ್ದವರು ಇನ್ನೊಬ್ಬರ ಎತ್ತಿನ ಜೊತೆ ಜೋಡಿ ಕಟ್ಟಿ ಉಳುತ್ತಿದ್ದರು, ಮುಯ್ಯಾಳಾಗಿ ದುಡಿಯುತ್ತಿದ್ದರು. ಸಹಕಾರ ಅನ್ನೋ ಮಾತು ಬೈಲಾದಲ್ಲಿ ಬರೆಯುವ ಮೊದಲೇ ಹೊಲದಲ್ಲಿತ್ತು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದರೂ ಆ ಜೋಡಿ ಕಟ್ಟುವ ಬುದ್ಧಿ ನಮ್ಮಲ್ಲಿ ಉಳಿಯಲಿ ಎಂದು ಈ ಬೆಳ್ಳಿಹಬ್ಬದಲ್ಲಿ ಎಲ್ಲ ಸದಸ್ಯರಿಗೂ ಹಾರೈಸುತ್ತೇವೆ.